ಆಂಟಿ ಅರ್ಧಕ್ಕೆ ಬಿಟ್ಟ ಬೆಟ್ಟ

ಕಳೆದ ಶನಿವಾರ ಇಲ್ಲಿ ಅಮೆರಿಕದ ಎಡಿಸನ್‌ನ ಕೊರಿಯನ್ ಅಂಗಡಿಯಲ್ಲಿ ಯಾರೋ ಎಳ್ಳೆಣ್ಣೆಯ ಸೀಸೆ ಬೀಳಿಸಿ ಒಡೆದಿದ್ದರು. ಹುರಿದ ಎಳ್ಳಿನ ಗಾಢ ವಾಸನೆ ಮೂಗಿಗೆ ಬಡಿದದ್ದೇ ತಡ, ತೋಫು ತರಲು ಹೋದವಳು ಅಲ್ಲೇ ನಿಂತುಬಿಟ್ಟೆ. ಪಕ್ಕದೂರು ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊರಿಯದ ಆಂಟಿಯ ಅಡುಗೆಮನೆ ಸದಾ ಹೀಗೇ ಘಮಘಮಿಸುತ್ತಿತ್ತು...

ನನ್ನ ಕೀಮೋ ಮುಗಿದ ಚಳಿಗಾಲವದು. ಮನೆಯಲ್ಲಿ ಯಾರೂ ನನಗೆ ಒಂದು ತಟ್ಟೆ ಎತ್ತಲೂ ಬಿಡುತ್ತಿರಲಿಲ್ಲ. ಆಂಟಿ ಮಾತ್ರ ಬೆಳಿಗ್ಗೆ ಬಾಗಿಲು ತಟ್ಟಿ, "ಕೋಟು ಹಾಕಿಕೋ, ನಡೆಯೋಣ" ಎನ್ನುತ್ತಿದ್ದರು. ಎಪ್ಪತ್ತು ದಾಟಿದವರು, ಮಂಡಿನೋವು ಬೇರೆ. ಮೊದಮೊದಲು ರಸ್ತೆಯ ಮೂಲೆಯವರೆಗೆ, ಆಮೇಲೆ ರೈಲ್ವೆ ಸ್ಟೇಷನ್‌ವರೆಗೆ ನಡೆದೆವು. ಅವರದು ತುಂಡುತುಂಡು ಇಂಗ್ಲಿಷ್. ನಾನು ಮನಸ್ಸಿನಲ್ಲೇ ಅದನ್ನು ಕನ್ನಡ ಮಾಡಿಕೊಳ್ಳುತ್ತಿದ್ದೆ.

ಹಾಗೆ ನಡೆಯುವಾಗಲೇ ಆ ಬೆಟ್ಟದ ಮಾತು ಬಂತು. ಅವರ ಊರಿನ ಹತ್ತಿರ ಬುದ್ಧನ ದೇವಾಲಯವೊಂದಿದೆ. ಅಲ್ಲಿಂದ ಮೇಲೆ, ಬೆಟ್ಟದ ತುದಿಯಲ್ಲಿ, ಚಿಕ್ಕದೊಂದು ಗುಡಿ. ತಮ್ಮ ತಾಯಿ ಹಾಸಿಗೆ ಹಿಡಿದಾಗ ಆಂಟಿ ಅಲ್ಲಿಗೆ ಹತ್ತಿ ನಮಸ್ಕರಿಸಿ ಬರುತ್ತೇನೆಂದು ಹರಕೆ ಹೊತ್ತರಂತೆ. ಅರ್ಧ ದಾರಿಯಲ್ಲಿ ಹಿಮ ಬಿತ್ತು. ಜೊತೆಗಿದ್ದ ಅಣ್ಣ ಸಾಕು ಎಂದ, ಇಬ್ಬರೂ ಇಳಿದರು. ತಾಯಿ ತೀರಿಕೊಂಡರು. ಮದುವೆಯಾಗಿ ಅಮೆರಿಕಕ್ಕೆ ಬಂದ ಆಂಟಿ ಮತ್ತೆ ಆ ಬೆಟ್ಟ ನೋಡಲಿಲ್ಲ.

"ಅಮ್ಮ ಅದರಿಂದ ಸಾಯಲಿಲ್ಲ, ನನಗೆ ಗೊತ್ತು. ಆದರೂ..." ಎಂದು ಮುಂದೆ ಹೆಜ್ಜೆ ಹಾಕಿದರು.

"ನಾನು ಹೋಗಿ ಬರ್ತೀನಿ, ಆಂಟಿ," ಎಂದೆ. ಯಾಕೆ ಹಾಗಂದೆನೋ ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ಆಡಿದ ಮೇಲೆ ಹಿಂತೆಗೆದುಕೊಳ್ಳುವ ಮನಸ್ಸಂತೂ ಬರಲಿಲ್ಲ.

ಅವರು ನಗಲಿಲ್ಲ. "ಹೋಗುವುದಾದರೆ ಒಬ್ಬಳೇ ಹೋಗು. ಜೊತೆಗಿದ್ದವರು ಸಾಕು ಅಂದರೆ ನೀನೂ ಇಳಿದುಬಿಡುತ್ತೀಯ," ಎಂದರು.

ಮನೆಯಲ್ಲಿ ರಂಪವಾಯಿತು. "ಟ್ರೀಟ್‌ಮೆಂಟ್ ಮುಗಿದು ಇನ್ನೂ ವರ್ಷ ಆಗಿಲ್ಲ ಕಣೇ, ಒಬ್ಬಳೇ ಕೊರಿಯಾಗಾ?" ಎಂದರು ನನ್ನ ಯಜಮಾನರು.

"ಡಾಕ್ಟರ್ ಹೂಂ ಅಂದಿದ್ದಾರೆ. ಟಿಕೆಟ್ ಬುಕ್ ಮಾಡಿದೀನಿ ರೀ," ಎಂದೆ.

ಅಕ್ಟೋಬರ್‌ನಲ್ಲಿ ಹೊರಟೆ. ರೈಲು, ಬಸ್ಸು, ಕೊನೆಗೆ ಕಾಲ್ನಡಿಗೆ. ಕೆಳಗಿನ ದೇವಾಲಯದಲ್ಲಿ ಬೂದುಬಣ್ಣದ ಸಡಿಲ ಬಟ್ಟೆ ಕೊಟ್ಟು ಉಳಿಸಿಕೊಂಡರು. ಊಟದ ವೇಳೆ ಮಾತಾಡುವಂತಿಲ್ಲ. ಒಂದಗುಳೂ ಬಿಡದೆ ಉಂಡು, ನೀರು ಹಾಕಿ ಮೂಲಂಗಿ ಚೂರಿನಿಂದ ಬಟ್ಟಲು ತೊಳೆದು, ಆ ನೀರನ್ನೂ ಕುಡಿಯಬೇಕು. ಎಲೆಯಲ್ಲಿ ಅನ್ನ ಬಿಟ್ಟರೆ ಗದರುತ್ತಿದ್ದ ನಮ್ಮಜ್ಜಿಗೆ ಇದು ಒಪ್ಪಿಗೆಯಾಗುತ್ತಿತ್ತು.

ಮರುದಿನ ಬೆಟ್ಟ ಹತ್ತತೊಡಗಿದೆ. ಅರ್ಧ ದಾರಿಯಲ್ಲಿ ಉಸಿರು ಸಿಕ್ಕಲಿಲ್ಲ. ಕಲ್ಲಿನ ಮೇಲೆ ಕುಳಿತೆ. ಬಹುಶಃ ಆಂಟಿಯೂ ಇಲ್ಲಿಂದಲೇ ಹಿಂತಿರುಗಿದ್ದಿರಬೇಕು... ಇಳಿದರೆ ಕೇಳುವವರಿರಲಿಲ್ಲ, ಸಾಕು ಎನ್ನುವವರೂ ಇರಲಿಲ್ಲ. ಅದನ್ನು ನೆನೆದೇ ಎದ್ದೆ. ದಾರಿಯಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಗುಡಿಯ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿದೆ. ಭಕ್ತರು ಹೆಸರು ಬರೆದು ಕೊಡುವ ಹಂಚುಗಳು ಅಲ್ಲಿದ್ದವು. ಮುಂದೆ ಅವನ್ನೇ ಗುಡಿಯ ಮಾಡಿಗೆ ಹೊದಿಸುತ್ತಾರೆ. ಒಂದರ ಮೇಲೆ ಆಂಟಿಯ ಹೆಸರನ್ನು ಕನ್ನಡದಲ್ಲಿ ಬರೆದೆ.

ಮನೆಗೆ ಮರಳಿ ಫೋಟೋ ತೋರಿಸಿದಾಗ ಆಂಟಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ನಿನ್ನ ಹೆಸರು ಬರೆಯಲಿಲ್ಲವಾ?"

"ನಾನು ಹತ್ತಿದೆನಲ್ಲ, ಆಂಟಿ."

ಅವರು ನನ್ನ ಕೈ ಹಿಡಿದುಕೊಂಡರು.

ಈ ವರ್ಷ ಮಾರ್ಚ್‌ನಲ್ಲಿ ಆಂಟಿ ತೀರಿಹೋದರು. ಮಗ ಮನೆ ಮಾರಿದ. ಹೊಸಬರು ಬಾಗಿಲಿಗೆ ನೀಲಿ ಬಣ್ಣ ಬಳಿಸಿದ್ದಾರೆ. ಬೆಳಿಗ್ಗೆ ಬಂದು ಬಾಗಿಲು ತಟ್ಟುವವರು ಯಾರೂ ಇಲ್ಲ. ನಾನೇ ಎದ್ದು ನಡೆಯಲು ಹೊರಡುತ್ತೇನೆ. ಆ ಮನೆ ದಾಟುವಾಗ ಹೆಜ್ಜೆ ನಿಧಾನವಾಗುತ್ತದೆ... ನಿಲ್ಲುವುದಿಲ್ಲ.