ಹೊಸದರ ಮೇಲೆ ಹಳೆಯದು ಕೂತಾಗ

ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕುವಾಗ ಪರದೆಯ ಮೇಲೆ ಒಂದರ ಹಿಂದೊಂದು ಪ್ರಶ್ನೆ ಏಳುತ್ತದೆ. ಅದನ್ನು ಓದದೆ ‘ಮುಂದೆ, ಮುಂದೆ’ ಎಂದು ಒತ್ತುತ್ತ ಹೋಗುವ ಅವಸರದ ಜೀವಿಗಳನ್ನು ನಾನು ಲಿಂಗಸುಗೂರಿನ ಗೆಳೆಯರ ಮುಂದೆ ಸಾಕಷ್ಟು ಆಡಿಕೊಂಡವನು. ಆ ಪ್ರಶ್ನೆಗಳನ್ನು ಬರೆಯುವ ಮಹಾನುಭಾವನೇ ಎಲ್ಲರಿಗಿಂತ ಅವಸರದವನಾಗಿರಬಹುದು ಎಂಬ ಜ್ಞಾನೋದಯ, ಓದುಗ ಮಿತ್ರರೇ, ನನಗಾದದ್ದು ಮಸ್ಕಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ.

ಲ್ಯಾಬುಗಳಿಗೆ ವರದಿ ಮುದ್ರಿಸುವ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಅದು ನಡೆಯಲು ರನ್‌ಟೈಮ್ ಲೈಬ್ರರಿ ಎಂಬ ಕಡತಗಳು ಬೇಕು. ಅವು ಒಬ್ಬರ ಸ್ವತ್ತಲ್ಲ. ಒಂದೇ ಕಂಪ್ಯೂಟರಿನ ಹಲವು ತಂತ್ರಾಂಶಗಳು ಓಣಿಯ ನಲ್ಲಿಯಂತೆ ಹಂಚಿಕೊಂಡು ಬಳಸುವಂಥವು. ಹಾಗಾಗಿ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಕೂರಿಸುವ ಇನ್‌ಸ್ಟಾಲರ್ ಸ್ಕ್ರಿಪ್ಟ್ ಮೊದಲು ಕೇಳಬೇಕು: ಆ ಕಡತ ಅಲ್ಲಿ ಈಗಾಗಲೇ ಇದೆಯೇ, ಇದ್ದರೆ ನಮ್ಮದಕ್ಕಿಂತ ಹೊಸದೇ? ಎರಡು ಸಾಲಿನ ಈ ವಿವೇಕಕ್ಕೂ ಬೇಸರಪಟ್ಟ ನಾನು, ‘ಏನಿದ್ದರೂ ನಮ್ಮದನ್ನೇ ಹಾಕು’ ಎಂದು ಬರೆದು ಕೈತೊಳೆದುಕೊಂಡಿದ್ದೆ.

ಆ ಬೆಳಿಗ್ಗೆ ಲ್ಯಾಬಿನ ತಂತ್ರಜ್ಞೆ ಗಂಗಮ್ಮನವರ ಕಂಪ್ಯೂಟರಿಗೆ ತಂತ್ರಾಂಶ ಹಾಕಿ ಚಹಾ ಕುಡಿಯುತ್ತಿದ್ದೆ. ಕುರಿ ಕಾಯುವ ಬೀರಪ್ಪ ತನ್ನ ಹೆಂಡತಿ ಹುಲಿಗೆಮ್ಮನನ್ನು ಆಟೋದಲ್ಲಿ ಕರೆತಂದ. ಎಂಟು ತಿಂಗಳ ಗರ್ಭಿಣಿ, ನಾಲ್ಕು ದಿನದ ಜ್ವರ. ಪಕ್ಕದ ಆಸ್ಪತ್ರೆಯ ಡಾಕ್ಟರಿಗೆ ಪ್ಲೇಟ್‌ಲೆಟ್ ಎಣಿಕೆ ಕೂಡಲೇ ಬೇಕಿತ್ತು. ಕಡಿಮೆಯಿದ್ದರೆ ಸಿಂಧನೂರಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಗಂಗಮ್ಮ ರಕ್ತ ತೆಗೆದರು. ಆದರೆ ಅದೇ ಕಂಪ್ಯೂಟರಿನಲ್ಲಿದ್ದ, ರಕ್ತಕಣ ಎಣಿಸುವ ಯಂತ್ರದ ತಂತ್ರಾಂಶ ತೆರೆದ ಕೂಡಲೇ ಮುಚ್ಚಿಕೊಂಡಿತು.

“ಮುಂಜಾನೆ ಚಲೋ ಇತ್ತಲ್ರೀ! ಏನಾತು?” ಎಂದರು ಗಂಗಮ್ಮ.

ನನಗೆ ಆ ಕ್ಷಣವೇ ಗೊತ್ತಾಯಿತು. ಆ ಯಂತ್ರಕ್ಕೆ ಬೇಕಿದ್ದ ಹೊಸ ಲೈಬ್ರರಿಯ ಮೇಲೆ ನನ್ನ ಹಳೆಯದು ಕೂತಿತ್ತು.

“ಕರೆಂಟ್ ಹೆಚ್ಚುಕಮ್ಮಿ ಆಗಿರಬೇಕ್ರಿ,” ಎಂದೆ.

ಗಂಗಮ್ಮ ನಂಬಿದರು. ಯಂತ್ರ ಆಫ್ ಮಾಡಿ ಆನ್ ಮಾಡಿದರು, ವೈರು ಬಿಚ್ಚಿ ಮತ್ತೆ ಸೇರಿಸಿದರು. ಹತ್ತು ನಿಮಿಷ ಹೋಯಿತು. ನಾನು ಬೆನ್ನು ತಿರುಗಿಸಿ ಕೂತು ಹೊಸ ಲೈಬ್ರರಿಯನ್ನು ಮೊಬೈಲ್ ನೆಟ್‌ನಿಂದ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದೆ. ಎಷ್ಟು ಇಳಿಯಿತೆಂದು ತೋರಿಸುವ ಪರದೆಯ ಹಸಿರು ಪಟ್ಟಿ ಒಂದಿಷ್ಟು ತೆವಳಿ ನಿಂತಿತು, ಮತ್ತೆ ತೆವಳಿತು.

“ಇನ್ನಾ ಎಷ್ಟೊತ್ತ್ರೀ ಸಾಹೇಬ್ರ? ಆಕಿ ನಡುಗಾಕತ್ಯಾಳ,” ಎಂದ ಬೀರಪ್ಪ ಬಾಗಿಲಲ್ಲಿ. ಅವನ ಹಿಂದೆ ಹುಲಿಗೆಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದ್ದಳು.

ಗಂಗಮ್ಮ ಯಂತ್ರ ಬಿಟ್ಟು ಎದ್ದರು. ಗಾಜಿನ ಪಟ್ಟಿಗೆ ರಕ್ತದ ಹನಿ ಸವರಿ, ಒಣಗಿಸಿ, ಬಣ್ಣ ಹಾಕಿದರು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆಳೆದು ಎಣಿಸತೊಡಗಿದರು. ಅವರ ತುಟಿಗಳು ಮಾತ್ರ ಅಲುಗುತ್ತಿದ್ದವು. ನಾನು ಒಮ್ಮೆ ಆ ತುಟಿಗಳನ್ನು, ಒಮ್ಮೆ ಹಸಿರು ಪಟ್ಟಿಯನ್ನು ನೋಡುತ್ತ ಕೂತಿದ್ದೆ.

“ಭಾಳ ಕಮ್ಮಿ ಅದಾವ,” ಎಂದವರೇ ಚೀಟಿ ಬರೆದು ಡಾಕ್ಟರ ಬಳಿಗೆ ಓಡಿದರು. ಸ್ವಲ್ಪ ಹೊತ್ತಿನಲ್ಲೇ ಆಂಬುಲೆನ್ಸ್ ಬಂತು. ಹತ್ತುವ ಮುನ್ನ ಬೀರಪ್ಪ ನನ್ನ ಕೈ ಹಿಡಿದುಕೊಂಡು, “ನೀವೂ ಭಾಳ ತ್ರಾಸ್ ತಗೊಂಡ್ರಿ,” ಎಂದ. ನಾನು ತಲೆಯಾಡಿಸಿದೆ.

ಆಂಬುಲೆನ್ಸ್ ಹೋದ ಮೇಲೆ ಹಸಿರು ಪಟ್ಟಿ ಪೂರ್ತಿಯಾಯಿತು; ಹೊಸ ಲೈಬ್ರರಿಯನ್ನು ಮತ್ತೆ ಅದರ ಜಾಗಕ್ಕೆ ಹಾಕಿದೆ. ಯಂತ್ರ ಎಣಿಸಿ ಕೊಟ್ಟ ಅಂಕಿ ಗಂಗಮ್ಮನ ಅಂಕಿಯ ಹತ್ತಿರಹತ್ತಿರವೇ ಇತ್ತು. ಆಗ ನನ್ನ ನಾಲಿಗೆ ಹೊರಳಿತು.

“ಅಕ್ಕಾರ, ಕರೆಂಟ್ ಅಲ್ಲರೀ. ತಪ್ಪು ನಂದು.”

ಅವರು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. “ತಪ್ಪು ಎಲ್ಲಾರೂ ಮಾಡ್ತಾರ್ರೀ. ಆಗ್ಲೇ ಹೇಳಿದ್ರ ನಾ ಹತ್ತು ನಿಮಿಷ ಮೊದ್ಲ ಎಣಸಾಕ ಕುಂದರ್ತಿದ್ದೆ.”

ಅಂದೇ ಸ್ಕ್ರಿಪ್ಟಿಗೆ ಆ ಎರಡು ಸಾಲು ಸೇರಿಸಿದೆ. ಅದೇ ತಂತ್ರಾಂಶ ಹಾಕಿಕೊಟ್ಟಿದ್ದ ತುರ್ವಿಹಾಳ, ಸಿಂಧನೂರಿನ ಲ್ಯಾಬುಗಳಿಗೆ ಹೋಗಿ, ಕಾರಣ ಹೇಳಿಯೇ ಹಳೆಯದನ್ನು ತೆಗೆದೆ. ಪ್ರತಿ ಕಡೆಯೂ ‘ತಪ್ಪು ನಂದು’ ಎಂದು ಹೇಳುವುದು ಸಾಲು ಬರೆದಷ್ಟು ಸುಲಭವಿರಲಿಲ್ಲ.

ಹುಲಿಗೆಮ್ಮ ಚೇತರಿಸಿಕೊಂಡಳು, ಹೆಣ್ಣು ಮಗು ಹುಟ್ಟಿತು ಎಂದು ಗಂಗಮ್ಮನಿಂದ ತಿಳಿಯಿತು. ಬೀರಪ್ಪನ ನಂಬರು ಪಡೆದು ಫೋನ್ ಮಾಡಿ, ಆ ದಿನ ತಡವಾದದ್ದು ನನ್ನಿಂದ ಎಂದು ಹೇಳಿದೆ. ಆ ಕಡೆ ಕುರಿಗಳ ದನಿ ಕೇಳಿಸುತ್ತಿತ್ತು.

“ಆಕಿ ಉಳದಾಳಂತ ಸುಮ್ಮನದೀನ್ರಿ,” ಎಂದು ಬೀರಪ್ಪ ಫೋನ್ ಇಟ್ಟ.