ಸುಸಲಾ ತಿಂದು ಬರೆದ ಚೀಟಿ

ಈಗಲೂ ಯಾರಾದರೂ ತಾವು ಮಾಡಿದ್ದನ್ನು ತೋರಿಸಿ, ಹೇಗಿದೆ ಹೇಳಿ ಎಂದರೆ ನನಗೆ ಮೊದಲು ಸುಸ್ತಾಗುತ್ತದೆ. ಸುಳ್ಳು ಹೇಳಿ ಹೇಳಿ ಬಂದ ಸುಸ್ತು ಅದು.

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ವಾರವೆಲ್ಲ ಹಳೆಯ ನಕ್ಷೆಗಳ ಧೂಳು ಕುಡಿದು, ಭಾನುವಾರ ಮಧ್ಯಾಹ್ನ ಮತ್ತೆ ನಕ್ಷೆಯ ಮುಂದೆಯೇ ಹೋಗಿ ಕೂಡುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಕ್ಲಾಸಿನಲ್ಲಿ ನಾವು ಆರೇಳು ಜನ ಸೇರುತ್ತಿದ್ದೆವು. ಗೋಡೆ, ಗಿಡ, ನೀರು ಜೋಡಿಸಿ ನಾವೇ ಊರು ಕಟ್ಟಬಹುದಾದ ಒಂದು ಕಂಪ್ಯೂಟರ್ ಆಟ. ಕಟ್ಟಿದ್ದಕ್ಕೆ ಮ್ಯಾಪ್ ಎನ್ನುತ್ತಿದ್ದೆವು. ಆಡುವವರು ಅದರೊಳಗೆ ಹೊಕ್ಕು, ದಾರಿ ಹುಡುಕಿ, ಆಚೆ ತುದಿ ಮುಟ್ಟಬೇಕು. ಆ ಆಟದ ಜಾಲತಾಣಕ್ಕೆ ಏರಿಸುವ ಮುಂಚೆ ನಾವು ನಾವೇ ಆಡಿ ನೋಡಿ, ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆವು.

ಮ್ಯಾಪ್ ಯಾರದೋ ಆ ದಿನದ ತಿನಿಸೂ ಅವರದೇ. ಬಂದವರಿಗೆ ಬಾಯಿಗೇನೂ ಕೊಡದೆ ಕೆಲಸ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಮೊದಲು ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ, ಮಿರ್ಚಿ ಭಜಿ, ಚಹಾ. ಆಮೇಲೆ ಆಟ, ಆಮೇಲೆ ಚೀಟಿ. ಒಬ್ಬರ ಮನೆಯ ಸುಸಲಾ ತಿಂದು, ಬಾಯಿ ಒರೆಸಿಕೊಂಡ ಅದೇ ಕೈಯಿಂದ ಅವರ ಕೆಲಸದಲ್ಲಿ ತಪ್ಪು ಎತ್ತುವುದು ಹೇಗೆ? ಡಬ್ಬಿ ತೆರೆದರೆ ಎಲ್ಲ ಚೀಟಿಯಲ್ಲೂ ಒಂದೇ ಮಾತು: ಛಲೋ ಅದ.

ವಡಗೇರಾದಿಂದ ಒಬ್ಬ ಶಿಕ್ಷಕಿ ಬರುತ್ತಿದ್ದರು. ಬೇಸಿಗೆ ರಜೆ ಪೂರ್ತಿ ಕೂತು ತಮ್ಮೂರನ್ನೇ ಕಟ್ಟಿದ್ದರು. ಕಾಲುವೆ, ಅದರ ಗೇಟು, ಭತ್ತದ ಗದ್ದೆ, ಗದ್ದೆಯಾಚೆ ಅವರ ಶಾಲೆ. ಎಲ್ಲೆಲ್ಲಿಯವರೋ ಬಂದು ತಮ್ಮೂರಲ್ಲಿ ನಡೆದಾಡಲಿ ಎಂಬುದೊಂದೇ ಅವರ ಆಸೆ. ಹೊಸ ಮ್ಯಾಪ್ ಜಾಲತಾಣದ ಮೊದಲ ಪುಟದಲ್ಲಿ ಇರುವುದು ಒಂದು ವಾರ. ಅಷ್ಟರಲ್ಲಿ ಆಡಿದವರು ಮೆಚ್ಚದಿದ್ದರೆ ತಳ ಸೇರುತ್ತದೆ, ಮತ್ತೆ ಯಾರೂ ತೆರೆಯುವುದಿಲ್ಲ.

ನಾನು ಆಡುವಾಗ ಕಾಲುವೆ ದಾಟಲು ಹೋಗಿ ಎರಡು ಸಲ ನೀರಿಗೆ ಬಿದ್ದೆ. ಬಿದ್ದರೆ ಆಟ ಮೊದಲಿಂದ. ಅವರು ಹಿಂದೆಯೇ ನಿಂತಿದ್ದವರು, ಗೇಟಿನ ಮೇಲೆ ಹಲಗೆ ಇದೆ ಎಂದು ತೋರಿಸಿದರು. ಗೇಟು ಎತ್ತಿ ಇಳಿಸುವವನು ನಿಲ್ಲುವ ಹಲಗೆ ಅದು. ಕಾಲುವೆಯ ಊರಿನವರೆಲ್ಲ ಅದರ ಮೇಲೆಯೇ ದಾಟುತ್ತೇವೆ. ಆದರೆ ಪರದೆಯಲ್ಲಿ ಅದು ನೀರಿನ ಬಣ್ಣದಲ್ಲೇ ಕಲೆತುಹೋಗಿತ್ತು. ದಿನವೂ ಕಾಲುವೆ ನೋಡುವ ನಾನೇ ಬಿದ್ದೆ, ನೋಡದವರ ಗತಿಯೇನು ಎಂದು ಆಗಲೇ ಅನಿಸಿತ್ತು. ಪೆನ್ನು ಹಿಡಿದು ಛಲೋ ಅದ ಎಂದು ಬರೆದೆ.

ಹೊರಗಿನವರು ಯಾರೂ ಆ ಕಾಲುವೆ ದಾಟಲಿಲ್ಲ. ವಾರದೊಳಗೆ ಅವರ ಊರು ತಳ ಸೇರಿತು. ಮುಂದಿನ ಭಾನುವಾರ ಅವರು ಬಂದು ನನ್ನ ಎದುರಿಗೇ ಕೂತರು.

"ನೀವು ಎರಡ್ ಸಲ ಬಿದ್ದಿದ್ರಿ. ಚೀಟ್ಯಾಗ ಯಾಕ ಬರೀಲಿಲ್ರಿ ಸರ?"

"ನಿಮ್ಮ ಸುಸಲಾ ತಿಂದಿದ್ನಲ್ರಿ ಮೇಡಂ. ಹೆಂಗ ಬರೀಲಿ?"

ಅವರು ನಗಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಕೆ ಬಂತು.

ಅಂದೇ ಪದ್ಧತಿ ಬದಲಿಸಿದೆವು. ಚೀಟಿ ಬಿದ್ದ ಮೇಲೆಯೇ ತಿನಿಸು. ಆಟ ನಡೆಯುವಷ್ಟು ಹೊತ್ತು ಮ್ಯಾಪ್ ಮಾಡಿದವರು ಹೊರಗಿನ ಬೆಂಚಿನ ಮೇಲೆ ಕೂಡಬೇಕು, ದಾರಿ ತೋರಿಸುವಂತಿಲ್ಲ. ಛಲೋ ಎಂಬ ಮಾತಿಗೇ ನಿಷೇಧ. ಎಲ್ಲಿ ನಿಂತೆ, ಎಲ್ಲಿ ಬಿದ್ದೆ, ಅಷ್ಟು ಬರೆದರೆ ಸಾಕು. ಸುರಪುರದ ಔಷಧಿ ಅಂಗಡಿಯವರೊಬ್ಬರು ತಮಗೆ ಬಂದ ಚೀಟಿ ಓದಿ ಎರಡು ವಾರ ಮುಖ ತೋರಿಸಲಿಲ್ಲ, ಮೂರನೆಯ ವಾರ ತಿದ್ದಿಕೊಂಡು ಬಂದರು. ನನಗೂ ಅಂಥ ಚೀಟಿಗಳು ಬೇಕಾದಷ್ಟು ಬಂದವು. ಮ್ಯಾಪುಗಳು ಸುಧಾರಿಸಿದವು, ಒಂದೆರಡನ್ನು ಜನ ಹುಡುಕಿಕೊಂಡು ಬಂದು ಆಡಿದರು.

ಎಲ್ಲರಿಗಿಂತ ಚೊಕ್ಕ ಚೀಟಿ ಬರೆಯುತ್ತಿದ್ದವರು ಆ ಶಿಕ್ಷಕಿಯೇ. ಒಂದು ಸಂಜೆ ಬಸ್ಸಿಗೆ ಕಾಯುವಾಗ, ಹಲಗೆಗೆ ಬೇರೆ ಬಣ್ಣ ಹಚ್ಚಿ ಇನ್ನೊಂದು ಸಲ ಏರಿಸಿರಿ, ಈ ಸಲ ನಾವು ನಿಜ ಬರೆಯುತ್ತೇವೆ ಎಂದೆ.

"ಬರೀತೀರಿ, ಗೊತ್ತದರಿ," ಎಂದರು. "ಕಟ್ಟೂ ಹುರುಪು ನನಗ ಆ ಬ್ಯಾಸಗಿಯಾಗಷ್ಟ ಇತ್ರಿ."

ವಡಗೇರಾ ಬಸ್ ಬಂತು, ಹತ್ತಿ ಹೋದರು. ನನ್ನ ಮ್ಯಾಪಿಗೆ ಅವರು ಅಂದು ಬರೆದ ಚೀಟಿ ಕೈಯಲ್ಲೇ ಇತ್ತು. ಮೂರು ಕಡೆ ಬಿದ್ದಿದ್ದರು, ಮೂರೂ ಕಡೆ ಯಾಕೆ ಬಿದ್ದೆ ಎಂದು ಬಿಡಿಸಿ ಬರೆದಿದ್ದರು.