ನೆಟ್ಟಗೆ ನಡೆದ ತಪ್ಪಿಗೆ

ಅಪ್ಪನ ಬಲ ಮೊಣಕಾಲು ಮಡಚುವುದಿಲ್ಲ. ಇದು ವಾದವಲ್ಲ, ಸಂಗತಿ. ಊಟಕ್ಕೆ ಕೂರುವಾಗ ಆ ಕಾಲನ್ನು ಕೋಲಿನ ಹಾಗೆ ಮುಂದೆ ಚಾಚುತ್ತಾನೆ. ಉಳಿದವರ ತಟ್ಟೆಗಳು ಪಕ್ಕಕ್ಕೆ ಸರಿಯಬೇಕು. ಆಂಧ್ರದ ಗಡಿಯೊಳಗಿನ ರಾಯದುರ್ಗದ ನಮ್ಮ ಬೀದಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದಿರುವುದು ಸರ್ಕಾರಕ್ಕೆ ಮಾತ್ರ. ಸೈನ್ಯದಲ್ಲಿ ಕೆಟ್ಟ ಕಾಲಿಗೆ ಅಂಗವಿಕಲ ಪಿಂಚಣಿ ಕೊಡಿಸುವುದು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದ ಮಗಳ ಕೆಲಸ ಎಂದು ಅಮ್ಮ ತೀರ್ಮಾನಿಸಿದಳು. "ಮನ್ಯಾಗ ಎಲ್ಲಾರ್ ಕೂಡ ವಾದ ಮಾಡ್ತಿ. ಅಲ್ಲಿ ಹೋಗಿ ಮಾಡು, ಉಪಯೋಗ ಆಕ್ಕೈತಿ" ಅಂದಳು.

ಬೆಟ್ಟದ ರಸ್ತೆಯಲ್ಲಿ ರೇಷನ್ ಲಾರಿ ಮಗುಚಿದಾಗ ಆದ ಪೆಟ್ಟು ಅದು. ಸೈನ್ಯದ ಆಸ್ಪತ್ರೆಯೇ ಪ್ಲಾಸ್ಟರ್ ಹಾಕಿತ್ತು. ಹಾಗಿದ್ದ ಮೇಲೆ ನಿವೃತ್ತಿಯ ಹೊತ್ತಿಗೇ ಪಿಂಚಣಿ ಏಕೆ ಸಿಗಲಿಲ್ಲ? ವಾದಕ್ಕೆ ಇಳಿಯುವ ಮೊದಲು ನಮ್ಮ ಪಕ್ಷದ ತೂತುಗಳನ್ನು ನಾವೇ ಹುಡುಕಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಅಪ್ಪನನ್ನು ಎದುರಿಗೆ ಕೂರಿಸಿಕೊಂಡೆ.

"ಬಿಟ್ಟು ಬರೋ ಮುಂದ ಡಾಕ್ಟ್ರು ಏನು ಕೇಳಿದ್ರಪ್ಪ?"

"ಕೋಯಿ ತಕಲೀಫ್ ಅಂದ್ರು. ಏನಾನ ತೊಂದ್ರೆ ಐತಾ ಅಂತ."

"ನೀ ಏನಂದಿ?"

"ನಹೀಂ ಸಾಬ್ ಅಂದೆ."

"ಆಗ ಕಾಲು ಮಡಚತಿತ್ತಾ?"

"ಇಲ್ಲ."

"ಮತ್ತ ಯಾಕ ಹಂಗಂದಿ?"

"ಎಲ್ರೂ ಅಂಗೇ ಅನ್ನೋದು ಕಣಮ್ಮ." ಮಡಕಶಿರಾ ಹತ್ತಿರದ ಅಗಳಿ ಕಡೆಯ ತನ್ನ ಹಳ್ಳಿಯ ಮಾತನ್ನು ಅಪ್ಪ ಸೈನ್ಯದಲ್ಲೂ ಬಿಟ್ಟಿರಲಿಲ್ಲ, ರಾಯದುರ್ಗದಲ್ಲೂ ಬಿಟ್ಟಿಲ್ಲ. "ಐತೆ ಅಂದೋನ್ನ ಆಸ್ಪತ್ರೇಲಿ ಮಲಗುಸ್ಕಂತಾರೆ. ಜತೇಲಿದ್ದೋರೆಲ್ಲ ರೈಲು ಹತ್ತಿ ಊರಿಗೋಗ್ತಾ ಅವ್ರೆ. ನಾನೊಬ್ಬ ಅಲ್ಲಿ ಮಲಗಿರ್ಲಾ?"

ಅಮ್ಮ ಕೂಲಿಗೆ ಹೊಲಿಯುತ್ತಿದ್ದ ಜೀನ್ಸಿನಿಂದ ತಲೆ ಎತ್ತಲಿಲ್ಲ. "ಅಲ್ಲಿ ಮಲಗಲಿಲ್ಲ, ಅದಕ ಇಲ್ಲಿ ಮಲಗ್ಯಾರ."

ಅರ್ಜಿ ಹಾಕಿದೆವು. ಆಮೇಲೆ ಶುರುವಾಯಿತು ಓಡಾಟ. ಅಪ್ಪ ಸೈನ್ಯಕ್ಕೆ ಸೇರಿದ್ದು ಮಡಕಶಿರಾ ಕಡೆಯ ವಿಳಾಸದಿಂದ. ಮದುವೆಯಾದ ಮೇಲೆ ಮನೆ ರಾಯದುರ್ಗ. ಎರಡೂ ಒಂದೇ ಜಿಲ್ಲೆಯಲ್ಲಿದ್ದಾಗ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ. ಜಿಲ್ಲೆ ಒಡೆದ ಮೇಲೆ ಅಪ್ಪ ಇರುವುದು ಒಂದು ಜಿಲ್ಲೆ, ಅಪ್ಪನ ಕಡತ ಇರುವುದು ಇನ್ನೊಂದು. ಈ ಕಚೇರಿಯವರು ಅಲ್ಲಿಗೆ ಹೋಗಿ ಎಂದರು, ಆ ಕಚೇರಿಯವರು ವಾಸ ಇರುವ ಕಡೆ ಕೇಳಿ ಎಂದರು. ಕೊನೆಗೆ ಒಬ್ಬ ಗುಮಾಸ್ತರು ತೆಲುಗಿನಲ್ಲಿ, "ಫೈಲು ಪೈಕಿ ಪೋಯಿಂದಮ್ಮಾ" ಎಂದರು. ಮೇಲಕ್ಕೆ ಹೋಗಿದೆಯಂತೆ.

"ಮೇಲಕ್ಕೆ ಅಂದರೆ ಎಲ್ಲಿಗೆ?" ಎಂದು ನಾನೂ ತೆಲುಗಿನಲ್ಲೇ ಕೇಳಿದೆ.

ಅವರು ಫ್ಯಾನಿನ ಕಡೆ ಕೈ ತೋರಿಸಿದರು. ಫ್ಯಾನು ತಿರುಗುತ್ತಿರಲಿಲ್ಲ.

ವರ್ಷ ದಾಟಿದ ಮೇಲೆ ವೈದ್ಯಕೀಯ ಮಂಡಳಿಯ ಎದುರು ಹಾಜರಾಗಬೇಕೆಂದು ಕರೆ ಬಂತು. ಅಪ್ಪ ಕರೆಯ ಕಾಗದ ಓದಿಸಿಕೊಂಡು ಮೊದಲು ಮಾಡಿದ ಕೆಲಸ, ಅಟ್ಟದ ಮೇಲಿನ ಕಪ್ಪು ಬೂಟುಗಳನ್ನು ಇಳಿಸಿದ್ದು. ಹಳೆಯ ಬನಿಯನ್ ತುಂಡಿಗೆ ಪಾಲಿಶ್ ಹಚ್ಚಿಕೊಂಡು ಉಜ್ಜುತ್ತಾ ಕೂತ. ನನಗೆ ಅಲ್ಲೇ ಅನುಮಾನ ಬಂತು.

"ಅಪ್ಪಾ, ಊರುಗೋಲು ಹಿಡಕೊಂಡು ಹೋಗು."

"ಆಪೀಸರ ಮುಂದೆ ಕೋಲು ಊರ್ಕಂಡು ಹೋಗ್ತಾರೇನಮ್ಮ?"

"ಮನ್ಯಾಗ ಹೆಂಗ ನಡೀತಿ, ಅಲ್ಲೂ ಹಂಗ ನಡಿ. ಅಷ್ಟ ಸಾಕು."

"ನಂಗೆ ನಾಟಕ ಆಡಾಕೆ ಬರಲ್ಲ."

"ನೆಟ್ಟಗ ನಡಿಯೋದೇ ನಾಟಕ, ಅಪ್ಪಾ."

ವೇದಿಕೆಯ ಮೇಲಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಅಪ್ಪ ಬೂಟನ್ನು ಬೆಳಕಿಗೆ ಹಿಡಿದು ನೋಡಿದ, ಇನ್ನೊಂದು ಸಲ ಉಗುಳು ಹಾಕಿ ಉಜ್ಜಿದ.

ಸೈನ್ಯದ ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅಪ್ಪನಂಥವರೇ ಸಾಲಾಗಿ ಕೂತಿದ್ದರು. ಬೆನ್ನು, ಕಿವಿ, ಕಣ್ಣು, ಕಾಲು. ಎಲ್ಲರ ಬೂಟುಗಳೂ ಮಿರಮಿರ ಮಿಂಚುತ್ತಿದ್ದವು. ಹೆಸರು ಕೂಗಿದರು. ಬೆಂಚಿನಿಂದ ಏಳಲು ನನ್ನ ಹೆಗಲು ಬೇಕಾಯಿತು. ಆದರೆ ಎದ್ದ ಮೇಲೆ ಆ ಹೆಗಲನ್ನು ಪಕ್ಕಕ್ಕೆ ನೂಕಿ, ಎದೆ ಸೆಟೆಸಿ, ಕೈ ಬೀಸುತ್ತಾ ಅಪ್ಪ ಒಳಗೆ ನಡೆದ. ಮನೆಯಲ್ಲಿ ಬಚ್ಚಲಿಗೆ ಗೋಡೆ ಹಿಡಿದು ಹೋಗುವ ಮನುಷ್ಯ. ಬಾಗಿಲು ಮುಚ್ಚುವ ಮೊದಲು ಹಿಮ್ಮಡಿ ಬಡಿದ ಸದ್ದು ಕೇಳಿತು. ಸೆಲ್ಯೂಟ್.

ಹೊರಗೆ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಏನು ಕೇಳಿದ್ರು?"

ಅಪ್ಪ ನನ್ನ ಮುಖ ನೋಡಲಿಲ್ಲ. "ಅದೇ ಕೇಳಿದ್ರು."

"ಏನಂದಿ?"

"ಬಾಯಿಗೆ ಬಂದ್ಬಿಡ್ತದೆ ಕಣಮ್ಮ."

ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಹಿಂದಿನಿಂದ ನಾನು ನೂಕಿದೆ, ಮೇಲಿನಿಂದ ಕಂಡಕ್ಟರ್ ರಟ್ಟೆ ಹಿಡಿದು ಎಳೆದ. ಆ ಮಂಡಳಿಯವರು ಒಂದು ಸಲ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದರೆ ಸಾಕಿತ್ತು, ಯಾವ ಎಕ್ಸ್‌ರೇಯೂ ಬೇಕಾಗಿರಲಿಲ್ಲ. ನೋವಿನ ಬಗ್ಗೆ ಬಾಯಿ ಬಿಡಬೇಡ ಎಂದು ಹದಿಹರೆಯದ ಹುಡುಗನಿಗೆ ತಾವೇ ಕಲಿಸುತ್ತಾರೆ. ಅವನು ಮುದುಕನಾಗಿ ಬಂದು ಆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದರೆ, ನೋವಿಲ್ಲ ಎನ್ನುವುದಕ್ಕೆ ಅದನ್ನೇ ಸಾಕ್ಷಿ ಎಂದು ಬರೆದುಕೊಳ್ಳುತ್ತಾರೆ. ಚರ್ಚೆಯಲ್ಲಿ ಇಂಥ ವಾದ ಹೂಡಿದವರು ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಾರೆ. ಇಲ್ಲಿ ತೀರ್ಪು ಕೊಡುವವರೂ ಅವರೇ.

ಮತ್ತೆ ಕಾದೆವು. ಫೋನು ಮಾಡಿದರೆ ಪ್ರಕ್ರಿಯೆಯಲ್ಲಿದೆ ಎನ್ನುತ್ತಿದ್ದರು. ಉತ್ತರ ಬಂದಾಗ ನಾನೇ ಓದಿ ಹೇಳಿದೆ. ಊನ ನಿಗದಿತ ಮಿತಿಗಿಂತ ಕಡಿಮೆ, ಪಿಂಚಣಿಗೆ ಅರ್ಹರಲ್ಲ. ಆಧಾರವಿಲ್ಲದೆ ಚೆನ್ನಾಗಿ ನಡೆಯುತ್ತಾರೆ.

"ಕಡೇದು ಇನ್ನೊಂದ್ ಸಲ ಓದು" ಎಂದ ಅಪ್ಪ.

ಓದಿದೆ. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ. ಅಮ್ಮನ ಕಡೆ ತಿರುಗಿ, "ಕೇಳ್ದೇನೆ? ಚೆನ್ನಾಗ್ ನಡೀತಾನೆ ಅಂತ ಬರ್ದವ್ರೆ" ಎಂದ. ನಾಚಿಕೆಗೆಟ್ಟ ಒಂದು ಖುಷಿ ಆ ದನಿಯಲ್ಲಿತ್ತು.

ಮೇಲ್ಮನವಿ ಹಾಕಬಹುದು, ನಾನು ಬರೆಯುತ್ತೇನೆ ಎಂದೆ. ಅಪ್ಪ ಬೇಡವೆಂದು ತಲೆಯಾಡಿಸಿದ. ಮತ್ತೆ ಅವರ ಮುಂದೆ ಹೋಗಿ ಕಾಲಿಲ್ಲ ಅನ್ನಲಾರೆ ಎಂದ.

ಅಮ್ಮ ಮಷೀನು ನಿಲ್ಲಿಸಿದಳು. "ಹೌದ್ರಿ, ಸರ್ಕಾರನ ಬರದು ಕೊಟ್ಟೈತಲ್ಲ. ಎದ್ದು ಹೋಗಿ ನೀರಿನ ಕ್ಯಾನು ತರ್ರಿ."

ಚುಚ್ಚಲಿಕ್ಕೆಂದೇ ಆಡಿದ ಮಾತು. ಅಪ್ಪ ಹೊಲಿಗೆ ಮಷೀನಿನ ಅಂಚು ಹಿಡಿದು ಎದ್ದೇಬಿಟ್ಟ. ಮಷೀನು ಅವನ ಭಾರಕ್ಕೆ ವಾಲಿತು. ಅಮ್ಮ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು, ಅವನು ಬಾಗಿಲು ದಾಟುವವರೆಗೂ ಹಾಗೇ ಕೂತಿದ್ದಳು.